ಮಂಗಳೂರಿನ ಸಿಟಿ ಬಸ್ಸು: ಖಾಸಗಿಯವರ ಗಾಡಿ, ಸರಕಾರದ ಗಡಿಯಾರ

ಬೆಂಗಳೂರು, ಮೈಸೂರು ಕಡೆಯಿಂದ ಮಂಗಳೂರಿಗೆ ಮೊದಲ ಬಾರಿ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇಲ್ಲಿ ಸರಕಾರಿ ಸಿಟಿ ಬಸ್ಸು ಇಲ್ಲವೇ?’ ಸ್ಟೇಟ್ ಬ್ಯಾಂಕ್ ಎಂದೇ ಕರೆಯಲಾಗುವ ಕೊನೆಯ ನಿಲ್ದಾಣದಲ್ಲಿ ಸಾಲಾಗಿ ನಿಂತ ಬಸ್ಸುಗಳ ಹಣೆಯ ಮೇಲೆ ದೇವರ ಹೆಸರೋ, ಸಂತರ ಹೆಸರೋ, ದರ್ಗಾದ ಹೆಸರೋ, ಮಾಲೀಕರ ಮಗಳ ಹೆಸರೋ ಇರುತ್ತದೆ. ಸಾರಿಗೆ ನಿಗಮದ ಗಂಡಭೇರುಂಡದ ಲಾಂಛನ ಹೆಚ್ಚಿನವುಗಳ ಮೇಲೆ ಇರುವುದಿಲ್ಲ. ಆದರೂ ಎಲ್ಲ ಬಸ್ಸುಗಳಿಗೂ ಮಾರ್ಗಸಂಖ್ಯೆ ಇದೆ, 27 ಎಂದರೆ ಮಂಗಳಾದೇವಿ, 44 ಎಂದರೆ ಉಳ್ಳಾಲ ಎಂದು ಊರಿನವರಿಗೆ ಬಾಯಿಪಾಠವಾಗಿದೆ, ಒಂದೇ ದೂರಕ್ಕೆ ಯಾವ ಬಸ್ಸಿನಲ್ಲಿ ಹತ್ತಿದರೂ ಟಿಕೆಟ್ಟಿನ ದರ ಒಂದೇ. ಹತ್ತಾರು ಮಾಲೀಕರಿಗೆ ಸೇರಿದ, ಒಂದರ ಜೊತೆ ಒಂದು ಸ್ಪರ್ಧಿಸುವ ಈ ಬಸ್ಸುಗಳು ಒಂದೇ ಸಂಸ್ಥೆಯವೇನೋ ಎಂಬಂತೆ ಓಡುವುದು ಹೇಗೆ, ಹಾಗೆ ಓಡುತ್ತಲೇ ಒಂದನ್ನೊಂದು ಹಿಂದಿಕ್ಕಲು ಹವಣಿಸುವುದು ಏಕೆ ಎಂಬುದನ್ನು ತಿಳಿಯಬೇಕಾದರೆ ಬಸ್ಸನ್ನು ಬಿಟ್ಟು ಅದರ ಪರ್ಮಿಟ್ಟನ್ನು ನೋಡಬೇಕಾಗುತ್ತದೆ.

‘ಖಾಸಗಿ ಬಸ್ಸು’ ಎಂಬ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಗಾಡಿ ಖಾಸಗಿಯವರದು, ಡ್ರೈವರ್ ಮತ್ತು ಕಂಡಕ್ಟರ್ ಅವರ ನೌಕರರು, ಡೀಸೆಲ್, ಟಯರು, ವಿಮೆ, ಬ್ಯಾಂಕಿನ ಕಂತು ಎಲ್ಲವೂ ಅವರ ಹೊಣೆ. ಆದರೆ ಆ ಬಸ್ಸು ಎಲ್ಲಿಂದ ಹೊರಟು ಯಾವ ರಸ್ತೆಯಲ್ಲಿ ಹೋಗಿ ಎಲ್ಲಿ ತಿರುಗಬೇಕು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಿಡಬೇಕು, ದಿನಕ್ಕೆ ಎಷ್ಟು ಟ್ರಿಪ್ ಮಾಡಬೇಕು, ಯಾವ ಸ್ಟೇಜಿಗೆ ಎಷ್ಟು ದರ ಪಡೆಯಬಹುದು ಎಂಬ ಯಾವುದನ್ನೂ ಮಾಲೀಕ ತಾನಾಗಿ ತೀರ್ಮಾನಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುತ್ತ ತಲಾ ಟಿಕೆಟ್ ಕೊಡುವ ವಾಹನಕ್ಕೆ ಸ್ಟೇಜ್ ಕ್ಯಾರಿಯೇಜ್ ಪರ್ಮಿಟ್ ಬೇಕು. ಅದನ್ನು ಕೊಡುವುದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪ್ರಾದೇಶಿಕ ಸಾರಿಗೆ ಅಧಿಕಾರಿ, ಅಂದರೆ ನಾವು ಆರ್‌ಟಿಓ ಎನ್ನುವವರು, ಅದರ ಕಾರ್ಯದರ್ಶಿ. ದರವನ್ನು ಗೊತ್ತುಮಾಡುವ ಅಧಿಕಾರ ರಾಜ್ಯ ಸರಕಾರದ್ದು. ಪರ್ಮಿಟ್ಟಿನ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ಹಬ್ಬ, ಜಾತ್ರೆ ಅಥವಾ ತುರ್ತು ಅಗತ್ಯಕ್ಕೆ ಕೊಡುವ ತಾತ್ಕಾಲಿಕ ಪರ್ಮಿಟ್ 4 ತಿಂಗಳನ್ನು ಮೀರುವಂತಿಲ್ಲ. ಒಬ್ಬರ ಪರ್ಮಿಟ್ ಇನ್ನೊಬ್ಬರ ಹೆಸರಿಗೆ ಹೋಗಬೇಕಾದರೂ ಪ್ರಾಧಿಕಾರದ ಒಪ್ಪಿಗೆ ಬೇಕು.

ಹೀಗಾಗಿ ಬಸ್ ಮಾಲೀಕನ ಕೈಯಲ್ಲಿರುವ ನಿಜವಾದ ಆಸ್ತಿ ಬಸ್ಸಲ್ಲ, ಒಂದು ನಿರ್ದಿಷ್ಟ ರಸ್ತೆಯ ಮೇಲಿನ ನಿರ್ದಿಷ್ಟ ನಿಮಿಷ. ಹತ್ತು ವರ್ಷ ಓಡಿದ ಹಳೆಯ ಬಸ್ಸಿಗೆ ಗುಜರಿಯ ಬೆಲೆಯೂ ಬಾರದೆ ಹೋಗಬಹುದು, ಆದರೆ ಬೆಳಗ್ಗೆ ಎಂಟರ ಆಸುಪಾಸಿನಲ್ಲಿ ಕಾಲೇಜು, ಆಸ್ಪತ್ರೆಗಳ ಕಡೆಗೆ ಹೋಗುವ ಒಂದು ಟೈಮಿಂಗ್ ಇರುವ ಪರ್ಮಿಟ್ಟಿಗೆ ಯಾವತ್ತೂ ಬೆಲೆ ಇದೆ. ‘ಪರ್ಮಿಟ್ ಸಮೇತ ಬಸ್ಸು’ ಕೊಳ್ಳುವವನು ಮೊದಲು ಎಂಜಿನ್ನಿನ ಸದ್ದನ್ನು ಕೇಳುವುದಿಲ್ಲ, ವೇಳಾಪಟ್ಟಿಯನ್ನು ಕೇಳುತ್ತಾನೆ.

ಕರ್ನಾಟಕದ ಬಹುಪಾಲು ದೊಡ್ಡ ನಗರಗಳಲ್ಲಿ ಸಿಟಿ ಬಸ್ಸು ಸರಕಾರಿ ನಿಗಮದ ಕೈಯಲ್ಲಿರುವಾಗ ಕರಾವಳಿಯಲ್ಲಿ ಹೀಗೇಕೆ ಎಂಬುದಕ್ಕೆ ‘ಇಲ್ಲಿನವರು ವ್ಯಾಪಾರದಲ್ಲಿ ಮುಂದು’ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಅದು ಕೇಳಲು ಹಿತವಾಗಿದ್ದರೂ ನನಗೆ ಅದಕ್ಕಿಂತ ಭೂಪಟದ ಚರಿತ್ರೆಯೇ ಹೆಚ್ಚು ನಂಬುವಂತಿದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಸರಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಲ್ಲಿ ಆ ರಾಜ್ಯದ ಸಾರಿಗೆ ಬಸ್ಸುಗಳಿದ್ದವು, ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ರಾಯಚೂರು ಕಡೆಗೆ ಹೈದರಾಬಾದಿನ ಸರಕಾರಿ ಸಾರಿಗೆ ಇತ್ತು. ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮದ್ರಾಸ್ ಸರಕಾರ ತನ್ನ ರಾಜಧಾನಿಯ ಬಸ್ಸುಗಳನ್ನು ತಾನೇ ವಹಿಸಿಕೊಂಡರೂ ದೂರದ ಜಿಲ್ಲೆಗಳ ಬಸ್ಸನ್ನು ಖಾಸಗಿ ಕಂಪೆನಿಗಳಿಗೇ ಬಿಟ್ಟಿತ್ತು. ಆ ಹೊತ್ತಿಗೆ ಇಲ್ಲಿ ಸಿ.ಪಿ.ಸಿ., ಹನುಮಾನ್, ಶಂಕರ ವಿಠಲದಂತಹ ಕಂಪೆನಿಗಳು ಬೇರೂರಿದ್ದವು. ಹೊಳೆಗಳಿಗೆ ಸೇತುವೆಗಳಿಲ್ಲದ ಕಾಲದಲ್ಲಿ ಈ ಬಸ್ಸುಗಳು ದಡದಲ್ಲಿ ಜನರನ್ನು ಇಳಿಸುತ್ತಿದ್ದವು, ದೋಣಿಯಲ್ಲಿ ದಾಟಿದವರನ್ನು ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತಿಸಿಕೊಳ್ಳುತ್ತಿತ್ತು. ಹಾಗೆ ಪ್ರಯಾಣ ಮಾಡಿದ ಹಿರಿಯರು ನಮ್ಮ ಮನೆಗಳಲ್ಲಿ ಮೊನ್ನೆಮೊನ್ನೆಯವರೆಗೂ ಇದ್ದರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಕಾಸರಗೋಡು ಕೇರಳಕ್ಕೆ ಹೋಗಿ, ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷ ಆಗಿನ 1939ರ ಮೋಟಾರು ವಾಹನ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿ, ಸಾರಿಗೆ ಸಂಸ್ಥೆಯೊಂದು ಯಾವುದಾದರೂ ಮಾರ್ಗವನ್ನೋ ಪ್ರದೇಶವನ್ನೋ ಯೋಜನೆಯ ಮೂಲಕ ತನ್ನದಾಗಿಸಿಕೊಳ್ಳುವ ದಾರಿ ತೆರೆಯಿತು. ಹೀಗೆ ಯೋಜನೆಯೊಂದು ಅಧಿಸೂಚನೆಯಾದರೆ ಆ ಮಾರ್ಗ ‘ರಾಷ್ಟ್ರೀಕೃತ’ವಾಗುತ್ತದೆ, ಅಲ್ಲಿ ನಿಗಮ ಅರ್ಜಿ ಹಾಕಿದರೆ ಪರ್ಮಿಟ್ ಕೊಡಲೇಬೇಕು ಮತ್ತು ಹೊಸ ಖಾಸಗಿ ಪರ್ಮಿಟ್ ಕೊಡುವಂತಿಲ್ಲ. 1961ರ ಆಗಸ್ಟ್ 1ರಂದು ನಿಗಮವಾಗಿ ರೂಪುಗೊಂಡ ರಾಜ್ಯದ ಸಾರಿಗೆ ಸಂಸ್ಥೆ ತನ್ನ ಬಲವನ್ನೆಲ್ಲ ಹಾಕಿದ್ದು ಮೊದಲೇ ಸರಕಾರಿ ಬಸ್ಸುಗಳಿದ್ದ ಪ್ರದೇಶಗಳಲ್ಲಿ. ಕರಾವಳಿಯ ಒಳಮಾರ್ಗಗಳು ಬಹುಮಟ್ಟಿಗೆ ಹೊರಗೇ ಉಳಿದವು. ಹಾಗೆ ಹೊರಗುಳಿದ ಮಾರ್ಗದಲ್ಲಿ ಸರಕಾರಿ ನಿಗಮವೂ ಬೇರೆಯವರಂತೆ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಮಂಗಳೂರಿನಲ್ಲಿ ನಿಗಮದ ಸಿಟಿ ಬಸ್ಸುಗಳು ಇಷ್ಟು ಕಡಿಮೆ ಇರುವುದರ ಹಿಂದಿನ ಸೂಕ್ಷ್ಮ ಇದೇ.

1988ರ ಕಾಯ್ದೆ ಇನ್ನೊಂದು ಬದಲಾವಣೆ ತಂದಿತು. ಹಳೆಯ ಕಾಯ್ದೆಯಲ್ಲಿ ಯಾರಾದರೂ ಹೊಸ ಪರ್ಮಿಟ್ ಕೇಳಿದರೆ ಆ ಮಾರ್ಗದಲ್ಲಿ ಆಗಲೇ ಓಡಿಸುತ್ತಿರುವವರು ಆಕ್ಷೇಪಿಸಬಹುದಿತ್ತು. ಹೊಸ ಕಾಯ್ದೆ ಆ ಹಕ್ಕನ್ನು ತೆಗೆದು, ಪರ್ಮಿಟ್ಟನ್ನು ಸಾಮಾನ್ಯವಾಗಿ ನಿರಾಕರಿಸಬಾರದು ಎಂದಿತು, 1991ರಲ್ಲಿ ಸುಪ್ರೀಂ ಕೋರ್ಟ್ ಈ ಉದಾರ ನೀತಿಯನ್ನು ಎತ್ತಿಹಿಡಿಯಿತು. ಆದರೆ ಅದೇ ಕಾಯ್ದೆಯಲ್ಲಿ, 5 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಪಟ್ಟಣಗಳಲ್ಲಿ ಸಿಟಿ ಮಾರ್ಗಗಳ ಬಸ್ಸಿನ ಸಂಖ್ಯೆಗೆ ಮಿತಿ ಹೇರಲು ಅವಕಾಶವೂ ಇದೆ. 2011ರ ಜನಗಣತಿಯಲ್ಲಿ ಮಂಗಳೂರು ಪಾಲಿಕೆಯ ಜನಸಂಖ್ಯೆ ಆ ಗೆರೆಯ ಹತ್ತಿರ, ಕೂದಲೆಳೆಯಷ್ಟು ಕೆಳಗೆ ಇತ್ತು. ಅಂದರೆ ಬಾಗಿಲು ತೆರೆದಿದೆ, ಚಿಲಕವೂ ಇದೆ. ಹಂಪನಕಟ್ಟೆಯಂತಹ ಇಕ್ಕಟ್ಟಿನ ಜಾಗದ ಮೂಲಕವೇ ಎಲ್ಲ ಬಸ್ಸುಗಳೂ ಹಾದುಹೋಗಬೇಕಾದ ಊರಿನಲ್ಲಿ ವಾದ ಪ್ರತಿವಾದಗಳು ಹೆಚ್ಚಾಗಿ ಈ ಎರಡರ ನಡುವೆ ನಡೆಯುತ್ತವೆ.

ನೆಲದ ಸ್ವಭಾವವೂ ಈ ವ್ಯವಸ್ಥೆಗೆ ಒತ್ತಾಸೆಯಾಗಿದೆ. ಬಯಲುಸೀಮೆಯಲ್ಲಿ ಊರೆಂದರೆ ಒಂದೆಡೆ ಗುಂಪುಗೂಡಿದ ಮನೆಗಳು, ನಡುವೆ ಹೊಲ. ಇಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡದ ಬದಿಯಲ್ಲಿ, ತನ್ನದೇ ತೋಟದ ನಡುವೆ. ಊರಿಗೂ ಪೇಟೆಗೂ ನಡುವೆ ಗೆರೆ ಎಳೆಯುವುದು ಕಷ್ಟ. ಸಿಟಿ ಬಸ್ಸು ಪಾಲಿಕೆಯ ಗಡಿಯನ್ನು ದಾಟಿ ಮುಡಿಪು, ದೇರಳಕಟ್ಟೆ, ಕಾಟಿಪಳ್ಳ, ತಲಪಾಡಿಗಳವರೆಗೆ ಹೋಗುತ್ತದೆ, ರಸ್ತೆಯ ಪ್ರತಿ ತಿರುವಿನಲ್ಲೂ ಎರಡು ಮೂರು ಜನ ಕಾಯುತ್ತಿರುತ್ತಾರೆ. ದೊಡ್ಡ ನಿಲ್ದಾಣದಲ್ಲಿ ಒಮ್ಮೆಲೇ ತುಂಬಿಕೊಳ್ಳುವ ಬಸ್ಸು ಇಲ್ಲಿಗೆ ಹೊಂದುವುದಿಲ್ಲ. ಚಿಕ್ಕ ಬಸ್ಸು, ಕಡಿಮೆ ಅಂತರ, ಕೈ ತೋರಿಸಿದಲ್ಲಿ ನಿಲುಗಡೆ ಎಂಬ ಇಲ್ಲಿನ ರೂಢಿಯನ್ನು ಪೊಲೀಸರು ಒಪ್ಪದಿದ್ದರೂ ಪ್ರಯಾಣಿಕರು ಒಪ್ಪಿದ್ದಾರೆ.

ಬಸ್ಸುಗಳು ಪೈಪೋಟಿಗೆ ಇಳಿಯುವುದೇಕೆ ಎಂಬುದನ್ನು ಡ್ರೈವರನ ಸ್ವಭಾವದಿಂದ ವಿವರಿಸುವುದು ಸುಲಭ, ಆದರೆ ಲೆಕ್ಕ ಹಾಕಿದರೆ ಕಾರಣ ಬೇರೆಯೇ ಕಾಣುತ್ತದೆ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಂದು ಮಾರ್ಗದಲ್ಲಿ 4 ನಿಮಿಷಕ್ಕೊಂದು ಬಸ್ಸು ಇದೆ, ದಾರಿಯ ಒಂದು ನಿಲುಗಡೆಗೆ ನಿಮಿಷಕ್ಕೆ ಇಬ್ಬರಂತೆ ಜನ ಬಂದು ಸೇರುತ್ತಾರೆ ಎಂದುಕೊಳ್ಳಿ. ಎಲ್ಲರೂ ಸಮಯಕ್ಕೆ ಸರಿಯಾಗಿ ಬಂದರೆ ಪ್ರತಿ ಬಸ್ಸಿಗೂ 8 ಜನ ಸಿಗುತ್ತಾರೆ. ಮೊದಲ ಬಸ್ಸು 2 ನಿಮಿಷ ತಡಮಾಡಿ ತೆವಳಿದರೆ, ತನ್ನ ಪಾಲಿನ 8 ಜನರ ಜೊತೆಗೆ ಹಿಂದಿನ ಬಸ್ಸಿಗೆ ಸೇರಬೇಕಾದ 4 ಜನರನ್ನೂ ಹತ್ತಿಸಿಕೊಂಡು 12 ಮಾಡಿಕೊಳ್ಳುತ್ತದೆ, ಹಿಂದಿನದಕ್ಕೆ 4 ಮಾತ್ರ ಉಳಿಯುತ್ತದೆ. ಈಗ ಹಿಂದಿನವನಿಗೆ ಇರುವ ದಾರಿ ಒಂದೇ, ಮುಂದಿನವನನ್ನು ಹಿಂದಿಕ್ಕಿ ಮುಂದಿನ ನಿಲುಗಡೆಯ ಜನರನ್ನು ತಾನು ಹತ್ತಿಸಿಕೊಳ್ಳುವುದು. ಆದ್ದರಿಂದ ಪಡೀಲಿನ ಹತ್ತಿರ ಆಮೆಯಂತೆ ಹೋಗುತ್ತಿದ್ದ ಬಸ್ಸು ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡೊಡನೆ ಪಂಪ್‌ವೆಲ್ಲಿನ ಕಡೆಗೆ ಕುದುರೆಯಾಗುತ್ತದೆ. ತೆವಳಿಕೆ ಮತ್ತು ಓಟ ಎರಡೂ ಒಂದೇ ಲೆಕ್ಕದ ಎರಡು ಮುಖಗಳು. ಡ್ರೈವರ್ ಕಂಡಕ್ಟರುಗಳ ಗಳಿಕೆಯಲ್ಲಿ ಒಂದು ಭಾಗ ಆ ದಿನದ ಕಲೆಕ್ಷನ್ನಿಗೆ ಹೊಂದಿಕೊಂಡಿರುವಲ್ಲೆಲ್ಲ ಈ ಲೆಕ್ಕ ಮಾಲೀಕನ ಕಚೇರಿಯಿಂದ ಇಳಿದು ಸ್ಟೀರಿಂಗಿನವರೆಗೆ ಬರುತ್ತದೆ.

ಇದಕ್ಕೆ ಬಸ್ಸಿನವರೇ ಕಂಡುಕೊಂಡ ಮದ್ದು ಟೈಮ್ ಕೀಪರ್. ನಿಲ್ದಾಣದಲ್ಲೋ ಮುಖ್ಯ ಜಂಕ್ಷನ್ನಿನಲ್ಲೋ ಪುಸ್ತಕ ಹಿಡಿದು ಕುಳಿತ ಈ ಮನುಷ್ಯ ಯಾವ ಬಸ್ಸು ಯಾವ ನಿಮಿಷಕ್ಕೆ ಬಂತು, ಯಾವಾಗ ಬಿಟ್ಟಿತು ಎಂದು ಬರೆದುಕೊಳ್ಳುತ್ತಾನೆ. ಸ್ಟೇಟ್ ಬ್ಯಾಂಕಿನಲ್ಲಿ ಬೆಳಗ್ಗೆ ಅರ್ಧ ಗಂಟೆ ಸುಮ್ಮನೆ ನಿಂತರೆ ಇಡೀ ವ್ಯವಸ್ಥೆ ಕಣ್ಣೆದುರು ನಡೆಯುತ್ತದೆ: ಎಂಜಿನ್ ಬಂದ್ ಮಾಡದೆ ಗುರುಗುಟ್ಟುತ್ತ ನಿಂತ ಬಸ್ಸು ಒಂದು ಮೊಳ ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ, ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರನ್ನು ಉಸಿರು ಬಿಡದೆ ಕೂಗುತ್ತಾನೆ, ಹಿಂದಿನ ಬಸ್ಸಿನವನು ಹಾರ್ನಿನ ಮೇಲೆ ಕೈಯಿಟ್ಟು ಬಿಡುವುದಿಲ್ಲ, ಇವನು ಟೈಮ್ ಕೀಪರನ ಕಡೆಗೆ ನೋಡಿ ಇನ್ನೂ ಒಂದು ನಿಮಿಷ ಇದೆ ಎಂದು ಬೆರಳೆತ್ತಿ ತೋರಿಸುತ್ತಾನೆ. ಕೊನೆಗೆ ಸೀಟಿ ಊದಿ ‘ರೈಟ್ ಪೋಯಿ’ ಎಂದ ಮೇಲೂ ಓಡಿಬರುವ ಇಬ್ಬರಿಗಾಗಿ ಬಸ್ಸು ನಿಧಾನವಾಗುತ್ತದೆ. ಒಳಗೆ ‘ದುಂಬು ಪೋಲೆ, ದುಂಬು ಪೋಲೆ’ ಎಂದು ತುಳುವಿನಲ್ಲಿ ಎಲ್ಲರನ್ನೂ ಮುಂದೆ ದೂಡುತ್ತಲೇ, ಟಿಕೆಟ್ ಯಂತ್ರವನ್ನು ಒಂದು ಕೈಯಲ್ಲಿ ಒತ್ತುತ್ತ, ಮೊದಲೇ ಹಣ ತುಂಬಿಸಿದ ಚಲೋ ಕಾರ್ಡ್ ಚಾಚಿದವರ ಕಾರ್ಡನ್ನು ಅದಕ್ಕೆ ತಾಗಿಸುತ್ತ, ಚಿಲ್ಲರೆಯನ್ನು ಬೆರಳುಗಳ ಸಂದಿಯಲ್ಲಿ ಮಡಚಿಟ್ಟುಕೊಂಡು ಆತ ಜನರ ನಡುವೆ ಹರಿದುಹೋಗುವ ರೀತಿಯನ್ನು ಕಂಡರೆ ಯಾವ ನಿಗಮದ ತರಬೇತಿಯಲ್ಲೂ ಇದನ್ನು ಕಲಿಸಲಾಗದು ಅನ್ನಿಸುತ್ತದೆ.

ಜನದಟ್ಟಣೆಯ ಹೊತ್ತಿನಲ್ಲಿ ಇಷ್ಟು ಚುರುಕಾಗಿರುವ ಏರ್ಪಾಡು ಜನರಿಲ್ಲದ ಹೊತ್ತಿನಲ್ಲಿ ಸಡಿಲಗೊಳ್ಳುತ್ತದೆ. ರಾತ್ರಿ ಎಂಟೂವರೆಯ ಮೇಲೆ ಅಥವಾ ಭಾನುವಾರ ಮಧ್ಯಾಹ್ನ ಓಡುವ ಟ್ರಿಪ್ಪಿನಲ್ಲಿ ಡೀಸೆಲ್ ಖರ್ಚೂ ಹುಟ್ಟದಿದ್ದರೆ ಮಾಲೀಕ ಅದನ್ನು ಸದ್ದಿಲ್ಲದೆ ಬಿಡುತ್ತಾನೆ, ಬಸ್ಸಿನವರ ಮಾತಿನಲ್ಲಿ ‘ಟ್ರಿಪ್ ಕಟ್’. ಪರ್ಮಿಟ್ಟಿನ ಪ್ರಕಾರ ಇದು ತಪ್ಪು, ಷರತ್ತು ಮುರಿದರೆ ಪರ್ಮಿಟ್ಟನ್ನು ಅಮಾನತಿನಲ್ಲಿಡುವ, ರದ್ದುಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಓಡದ ಬಸ್ಸು ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಅದನ್ನು ಕಂಡುಹಿಡಿಯುವವನು ಆ ಹೊತ್ತಿಗೆ ಕಾಯುತ್ತಿರುವ ಪ್ರಯಾಣಿಕ ಮಾತ್ರ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ ನಾನು ತೊಕ್ಕೊಟ್ಟಿನ ಹತ್ತಿರ ಕೊನೆಯ ಬಸ್ಸೆಂದು ಎಲ್ಲರೂ ಹೇಳುವ ಬಸ್ಸಿಗಾಗಿ ಮುಕ್ಕಾಲು ಗಂಟೆ ನಿಂತು, ಕೊನೆಗೆ ಅಂಗಡಿ ಮುಚ್ಚುತ್ತಿದ್ದವರಿಂದ ‘ಅದು ಮಳೆಯಿದ್ದರೆ ಬರುವುದಿಲ್ಲ ಮಾರಾಯ್ರೆ’ ಎಂದು ತಿಳಿದುಕೊಂಡು, ರಿಕ್ಷಾಕ್ಕೆ ಬಸ್ಸಿನ ದರದ ಹಲವು ಪಟ್ಟು ಕೊಟ್ಟು ಮನೆ ಸೇರಿದ್ದೇನೆ. ದೂರು ಕೊಡಬೇಕಿತ್ತು, ಕೊಡಲಿಲ್ಲ. ಹೆಚ್ಚಿನವರು ಕೊಡುವುದಿಲ್ಲ.

ಹೊರಗಿನವರಿಗೆ ಗೊಂದಲ ಹುಟ್ಟಿಸುವ ಇನ್ನೊಂದು ಸಂಗತಿ ಬಸ್ಸುಗಳ ಜಾತಿ. ಸಿಟಿ ಬಸ್ಸಿನ ಪಕ್ಕದಲ್ಲೇ, ಆದರೆ ಬೇರೆ ನಿಲ್ದಾಣದಿಂದ, ‘ಸರ್ವಿಸ್ ಬಸ್ಸು’ ಹೊರಡುತ್ತದೆ. ಇದು ಬಿ.ಸಿ.ರೋಡ್, ವಿಟ್ಲ, ಮೂಡುಬಿದಿರೆ, ಕಾರ್ಕಳಗಳ ಕಡೆಗೆ ಹೋಗುವ ಖಾಸಗಿ ಬಸ್ಸು. ಉಡುಪಿ, ಮಣಿಪಾಲ, ಕುಂದಾಪುರದ ಕಡೆಗೆ ಕೆಲವೇ ನಿಲುಗಡೆಗಳ ‘ಎಕ್ಸ್‌ಪ್ರೆಸ್’ ಇದೆ. ಕೆಎಸ್‌ಆರ್‌ಟಿಸಿಯ ದೂರದ ಬಸ್ಸುಗಳು ಬಿಜೈಯಲ್ಲಿ ನಿಲ್ಲುತ್ತವೆ, ಆದ್ದರಿಂದ ಬೆಂಗಳೂರಿನಿಂದ ಬಂದಿಳಿದವರು ಉಳ್ಳಾಲಕ್ಕೆ ಹೋಗಬೇಕಾದರೆ ಮತ್ತೊಂದು ಬಸ್ಸು ಹಿಡಿದು ಹಂಪನಕಟ್ಟೆಯ ಕಡೆಗೆ ಬರಬೇಕು. ಎಲ್ಲವನ್ನೂ ಒಂದೆಡೆ ತರಲು ಪಂಪ್‌ವೆಲ್ಲಿನಲ್ಲಿ ಬಸ್ ನಿಲ್ದಾಣ ಕಟ್ಟುವ ಮಾತು ಎಷ್ಟು ವರ್ಷದಿಂದ ನಡೆಯುತ್ತಿದೆಯೆಂದರೆ, ಆ ಮಾತು ಶುರುವಾದಾಗ ಶಾಲೆಗೆ ಹೋಗುತ್ತಿದ್ದವರು ಈಗ ತಮ್ಮ ಮಕ್ಕಳನ್ನು ಅದೇ ದಾರಿಯಲ್ಲಿ ಶಾಲೆಗೆ ಕಳಿಸುತ್ತಿದ್ದಾರೆ. ದಕ್ಷಿಣಕ್ಕೆ ಕಾಸರಗೋಡಿನ ದಾರಿಯಲ್ಲಿ ಮತ್ತೊಂದು ಲೆಕ್ಕ: ಎರಡು ರಾಜ್ಯಗಳ ನಡುವಿನ ಆ ಮಾರ್ಗವನ್ನು ಎರಡೂ ಕಡೆಯ ಸರಕಾರಿ ನಿಗಮಗಳು ನಡೆಸುತ್ತವೆ, ಎರಡರ ಹೆಸರಿನ ಮೊದಲಕ್ಷರಗಳೂ ಒಂದೇ ಆಗಿರುವುದರಿಂದ ಹೆಸರಿನ ಹಕ್ಕಿಗಾಗಿ ಅವು ಕಾನೂನು ಜಗಳವನ್ನೂ ಆಡಿವೆ. ಖಾಸಗಿ ಸಿಟಿ ಬಸ್ಸು ಗಡಿಯ ತಲಪಾಡಿಯಲ್ಲಿ ತಿರುಗುತ್ತದೆ, ಆಚೆಗೆ ಹೋಗಬೇಕಾದವರು ಇಳಿದು ಕೆಲವು ಹೆಜ್ಜೆ ನಡೆದು ಕೇರಳದ ಖಾಸಗಿ ಬಸ್ಸು ಹತ್ತುತ್ತಾರೆ.

ಸಿಟಿಯೊಳಗೆ ನಿಗಮದ ಬಸ್ಸು ಕಾಣಿಸಿಕೊಂಡದ್ದು ಹೆಚ್ಚಾಗಿ ಕೇಂದ್ರದ ನೆಹರೂ ನಗರ ನವೀಕರಣ ಯೋಜನೆಯ ಹಣದಿಂದ. 2005ರಲ್ಲಿ ಆರಂಭವಾದ ಆ ಯೋಜನೆಯ ಇಂಗ್ಲಿಷ್ ಹೆಸರಿನ ಬಾಲವನ್ನು ಹಿಡಿದು ಜನ ಇವಕ್ಕೆ ‘ನರ್ಮ್ ಬಸ್ಸು’ ಎಂದು ಹೆಸರಿಟ್ಟರು. ಹೊಸ ಬಸ್ಸುಗಳಿಗೆ ಟೈಮಿಂಗ್ ಎಲ್ಲಿಂದ ಕೊಡುವುದು ಎಂಬುದೇ ಮುಖ್ಯ ಜಗಳವಾಯಿತು. ಎರಡು ಖಾಸಗಿ ಬಸ್ಸುಗಳ ನಡುವೆ 4 ನಿಮಿಷವಿದ್ದಲ್ಲಿ ಮೂರನೆಯದನ್ನು ತುರುಕಿದರೆ ಏನಾಗುತ್ತದೆ ಎಂಬುದು ಮೇಲಿನ ಉದಾಹರಣೆಯಿಂದಲೇ ಗೊತ್ತಾಗುತ್ತದೆ.

ಈ ಜಗಳಕ್ಕೆ ಹೊಸ ತೂಕ ಬಂದದ್ದು 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ. ರಾಜ್ಯದ ಮಹಿಳೆಯರಿಗೆ ಸರಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾನೆ, ಅದರ ಮೌಲ್ಯವನ್ನು ಸರಕಾರ ನಿಗಮಕ್ಕೆ ತುಂಬಿಕೊಡುತ್ತದೆ. ಖಾಸಗಿ ಬಸ್ಸಿಗೆ ಈ ಏರ್ಪಾಡು ಅನ್ವಯಿಸುವುದಿಲ್ಲ. ಹೀಗಾಗಿ ಮೈಸೂರಿನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಟಿಕೆಟ್ಟಿಗೆ ಏನೂ ಕೊಡದೆ ಹೋಗಿಬಂದರೆ, ಅದೇ ಸಂಬಳದ ಅದೇ ಕೆಲಸಕ್ಕೆ ಕಾಟಿಪಳ್ಳದಿಂದ ಹಂಪನಕಟ್ಟೆಗೆ ಬರುವವಳು ದಿನಕ್ಕೆರಡು ಬಾರಿ ದುಡ್ಡು ಕೊಡುತ್ತಾಳೆ. 1956ರಲ್ಲಿ ಯಾವ ಜಿಲ್ಲೆ ಯಾವ ಪ್ರಾಂತ್ಯದಿಂದ ಬಂತು ಎಂಬ ಹಳೆಯ ಸಂಗತಿ ಹೀಗೆ ಆಕೆಯ ಪರ್ಸಿನಲ್ಲಿ ಬಂದು ಕುಳಿತಿದೆ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ, ನಿಗಮದ ಬಸ್ಸು ಹೆಚ್ಚಿಸುವುದು ಅಥವಾ ಖಾಸಗಿ ಬಸ್ಸಿನ ಶೂನ್ಯ ಟಿಕೆಟ್ಟಿಗೂ ಹಣ ತುಂಬಿಕೊಡುವುದು. ಎರಡನೆಯದು ನ್ಯಾಯವಾಗಿ ಕಂಡರೂ ಎಷ್ಟು ಜನ ನಿಜವಾಗಿ ಹತ್ತಿದರು ಎಂಬ ಲೆಕ್ಕವನ್ನು ನಂಬಬೇಕಾದರೆ ಪ್ರತಿ ಬಸ್ಸಿನ ಟಿಕೆಟ್ ಯಂತ್ರವೂ ಸರಕಾರಕ್ಕೆ ಕಾಣುವಂತಿರಬೇಕು, ಸದ್ಯಕ್ಕೆ ಮಾಲೀಕರೂ ಅಧಿಕಾರಿಗಳೂ ಅದನ್ನು ಒಂದೇ ಉತ್ಸಾಹದಿಂದ ಬಯಸುತ್ತಾರೆ ಎನ್ನಲಾರೆ.

ಮೂರನೆಯ ದಾರಿಯೊಂದು ಬೇರೆ ಕಡೆ ನಡೆದಿದೆ. ಕರಾವಳಿಯವರಿಗೆ ನೆರೆಮನೆಯಂತಿರುವ ಮುಂಬಯಿಯಲ್ಲಿ ಸಿಟಿ ಬಸ್ಸು ನಡೆಸುವ ಸಾರ್ವಜನಿಕ ಸಂಸ್ಥೆ ಬೆಸ್ಟ್ 2019ರ ಹೊತ್ತಿನಿಂದ ಗುತ್ತಿಗೆದಾರರ ಬಸ್ಸುಗಳನ್ನು ದೊಡ್ಡ ಪ್ರಮಾಣದಲ್ಲಿ ಪಡೆಯತೊಡಗಿತು. ಗಾಡಿ ಮತ್ತು ಡ್ರೈವರ್ ಗುತ್ತಿಗೆದಾರನದು, ಟಿಕೆಟ್ ಹಣ ಸಂಸ್ಥೆಯದು, ಗುತ್ತಿಗೆದಾರನಿಗೆ ಸಿಗುವುದು ಓಡಿದ ಕಿಲೋಮೀಟರಿನ ಲೆಕ್ಕ. ಈ ಕ್ರಮದಲ್ಲಿ ಮುಂದಿನ ಬಸ್ಸಿನ ಜನರನ್ನು ಕಸಿಯುವ ಅಗತ್ಯವೇ ಇಲ್ಲವಾದ್ದರಿಂದ ಪೈಪೋಟಿ ತಾನಾಗಿ ಇಲ್ಲವಾಗುತ್ತದೆ. ಆದರೆ ಜನ ಹತ್ತಿದರೂ ಬಿಟ್ಟರೂ ಗುತ್ತಿಗೆದಾರನಿಗೆ ಒಂದೇ ಆಗಿರುವುದರಿಂದ ಕೈ ತೋರಿಸಿದವನನ್ನು ಬಿಟ್ಟು ಹೋಗುವ ಆಸೆಯೂ ಹುಟ್ಟುತ್ತದೆ, ಡ್ರೈವರನ ಸಂಬಳ ಮತ್ತು ಗಾಡಿಯ ದುರಸ್ತಿಯಲ್ಲಿ ಉಳಿಸುವ ಆಸೆಯೂ ಹುಟ್ಟುತ್ತದೆ. ಕಲೆಕ್ಷನ್ನಿಗೆ ಕೂಲಿ ಕಟ್ಟಿದರೆ ಬಸ್ಸು ಜನರ ಹಿಂದೆ ಓಡುತ್ತದೆ, ಕಿಲೋಮೀಟರಿಗೆ ಕಟ್ಟಿದರೆ ಮೀಟರಿನ ಹಿಂದೆ. ನನಗೆ ಕೇಳಿದರೆ ಮಂಗಳೂರಿನ ಕಂಡಕ್ಟರನ ಚುರುಕನ್ನು ಕಳೆದುಕೊಳ್ಳದೆ ಮಾರ್ಗವೊಂದರ ಎಲ್ಲ ಬಸ್ಸುಗಳ ಕಲೆಕ್ಷನ್ನನ್ನು ಒಟ್ಟುಗೂಡಿಸಿ ಟ್ರಿಪ್ಪಿನ ಲೆಕ್ಕದಲ್ಲಿ ಮಾಲೀಕರೊಳಗೆ ಹಂಚಿಕೊಳ್ಳುವುದೇ ಹೆಚ್ಚು ಸರಿ ಅನ್ನಿಸುತ್ತದೆ, ಆಗ ರಾತ್ರಿಯ ಖಾಲಿ ಟ್ರಿಪ್ಪಿಗೂ ಬೆಳಗಿನ ತುಂಬಿದ ಟ್ರಿಪ್ಪು ಖರ್ಚು ಕೊಟ್ಟೀತು. ಆದರೆ ಪರಸ್ಪರ ಲೆಕ್ಕ ತೋರಿಸಲು ಮಾಲೀಕರು ಒಪ್ಪಬೇಕು.

ಈ ನಡುವೆ ಪರ್ಮಿಟ್ಟಿನ ಗೋಡೆಯಲ್ಲೇ ಒಂದು ಬಿರುಕು ಬಿದ್ದಿದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಬ್ಯಾಟರಿಯಿಂದ ಓಡುವ ಸಾರಿಗೆ ವಾಹನಗಳಿಗೆ ಪರ್ಮಿಟ್ ಬೇಕಿಲ್ಲ. ಬ್ಯಾಟರಿ ಆಟೋರಿಕ್ಷಾಗಳ ವಿಷಯದಲ್ಲಿ ಇದರಿಂದ ಎದ್ದ ತಕರಾರನ್ನು ಮಂಗಳೂರು ಆಗಲೇ ಕಂಡಿದೆ: ವಲಯ ಗೊತ್ತುಮಾಡಿದ ಪರ್ಮಿಟ್ ಹಿಡಿದು ವರ್ಷಗಟ್ಟಲೆ ದುಡಿದವರ ಪಕ್ಕದಲ್ಲಿ ಪರ್ಮಿಟ್ ಇಲ್ಲದವನು ಬಂದು ನಿಂತರೆ ಏನಾಗಬೇಕೋ ಅದು ಆಯಿತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ದೇಶದ ನಗರಗಳಿಗೆ 10,000 ವಿದ್ಯುತ್ ಬಸ್ಸುಗಳನ್ನು ಕಿಲೋಮೀಟರ್ ಲೆಕ್ಕದ ಇದೇ ಕ್ರಮದಲ್ಲಿ ಓಡಿಸುವ ಉದ್ದೇಶವಿದೆ. ಅಂತಹ ಬಸ್ಸೊಂದು ಸ್ಟೇಟ್ ಬ್ಯಾಂಕಿಗೆ ಬಂದು ನಿಂತಾಗ ಅದಕ್ಕೆ ಪರ್ಮಿಟ್ ಬೇಡ, ಆದರೆ ನಿಲ್ಲಲು ಜಾಗ ಬೇಕು, ಹೊರಡಲು ಒಂದು ನಿಮಿಷ ಬೇಕು. ಆ ನಿಮಿಷ ಇಲ್ಲಿಯವರೆಗೆ ಇನ್ನೊಬ್ಬರ ಪರ್ಮಿಟ್ಟಿನಲ್ಲಿ ಬರೆದಿರುತ್ತದೆ, ಟೈಮ್ ಕೀಪರನ ಪುಸ್ತಕದಲ್ಲಿ ಅದರ ಗೆರೆ ಆಗಲೇ ತುಂಬಿರುತ್ತದೆ.